ಎಮ್ಮೆ ಕಟ್ಟಿದ ಹಗ್ಗ

ನಮ್ಮ ಅತ್ಯಾ, ಅಂದರೆ ಅಪ್ಪನ ಅಕ್ಕ, ಜೋಗೇಶ್ವರಿಯ ನಮ್ಮ ಫ್ಲ್ಯಾಟಿಗೆ ಬಂದ ಮೊದಲ ವಾರದಲ್ಲೇ ನನ್ನ ತಲೆ ಕೆಡಿಸಿದಳು. ಎಲ್ಲಿ ಗಂಟು ಕಂಡರೂ ಬಿಚ್ಚುತ್ತಿದ್ದಳು. ಪರದೆಯ ರಿಬ್ಬನ್, ಅಕ್ಕಿ ಚೀಲದ ದಾರ, ಆಫೀಸಿಗೆ ಒಯ್ಯಲು ಡಬ್ಬಿಗೆ ನಾನು ಕಟ್ಟಿದ ಬಟ್ಟೆ. ಕೊನೆಗೆ ಬಾಗಿಲ ಹೊರಗಿಟ್ಟ ಕಸದ ಚೀಲವನ್ನೂ ಬಿಡಲಿಲ್ಲ. ತರಕಾರಿ ಸಿಪ್ಪೆ ಪ್ಯಾಸೇಜಿನ ತುಂಬ ಹರಡಿ, ಎದುರು ಮನೆಯಾಕೆ ಸೊಸೈಟಿಗೆ ದೂರು ಕೊಟ್ಟಳು. ಆ ಹೆಂಗಸಿಗೆ ದೂರು ಕೊಡಲು ನೆಪ ಬೇಕಿತ್ತು, ಅಷ್ಟೇ.

"ಗಂಟ ನಿನಗೇನ ಮಾಡ್ಯಾವ ಅತ್ಯಾ?" ಎಂದು ರೇಗಿದೆ. ಆಗ ಹೇಳಿದಳು.

ಮಲಪ್ರಭೆಯ ದಂಡೆಯಲ್ಲಿ ಅವಳ ಊರು. ಹೊಳೆ ಏರುತ್ತಿದೆ ಎಂದು ಟ್ರ್ಯಾಕ್ಟರ್ ಬಂದಾಗ ಸಂಜೆಯೊಳಗೆ ವಾಪಸಾಗುತ್ತೇವೆ ಎಂದುಕೊಂಡೇ ಎಲ್ಲರೂ ಹತ್ತಿದ್ದರು. ಮನೆಯಲ್ಲಿ ಎರಡು ಎಮ್ಮೆಗಳಿದ್ದವು. ಬಿಟ್ಟರೆ ಪಕ್ಕದವರ ಕಬ್ಬಿಗೆ ನುಗ್ಗಿ ಜಗಳ ತರುತ್ತವೆ ಎಂದು ಅತ್ಯಾ ಹಗ್ಗವನ್ನು ಗೂಟಕ್ಕೆ ಇನ್ನೊಂದು ಸುತ್ತು ಹಾಕಿ ಬಿಗಿದು, ಮುಂದೆ ಮೇವು ಹಾಕಿ ಬಂದಿದ್ದಳು.

"ಸಂಜೀಕ ಹಿಂಡೂದಿತ್ತವಾ," ಎಂದಳು.

ನೀರು ಇಳಿದು ಅವಳು ಮರಳಿ ಹೋದಾಗ ಮನೆಯೂ ಇರಲಿಲ್ಲ. ಮಗ ತಗಡಿನ ಶೆಡ್ಡಿನಲ್ಲಿ ಉಳಿದು, ಇವಳನ್ನು ನಮ್ಮಲ್ಲಿಗೆ ಕಳಿಸಿದ. ದಿಣ್ಣೆಯ ಮೇಲೆ ಹೊಸ ಮನೆ ಸಿಕ್ಕ ಮೇಲೆ ಫೋನ್ ಮಾಡಿದ. "ಬಂದಬಿಡವ್ವಾ. ಮತ್ತ ಒಂದ ಎಮ್ಮಿ ಕಟ್ಟೂಣು." ಅತ್ಯಾ ಫೋನನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಆ ದಿನ ಊಟ ಮಾಡಲಿಲ್ಲ. ಊರಿಗೆ ಹೋಗಲಾರಳು, ಇಲ್ಲಿ ಇರಲಾರಳು. ಅವಳನ್ನು ನೋಡಿದರೆ ಸಂಕಟವಾಗುತ್ತಿತ್ತು. ಏನು ಮಾಡಬೇಕೆಂದು ತೋಚದೆ ಸಿಟ್ಟೂ ಬರುತ್ತಿತ್ತು.

ಈ ಮಳೆಗಾಲದಲ್ಲಿ ಒಂದು ದಿನ ಲೋಕಲ್ ರೈಲು ನಿಂತು, ನಾನು ಮನೆಯಲ್ಲೇ ಉಳಿದೆ. ಮಧ್ಯಾಹ್ನಕ್ಕೆ ಬಿಲ್ಡಿಂಗಿನ ಕಾಂಪೌಂಡಿಗೆ ನೀರು ನುಗ್ಗಿತು. ನಮಗಿದು ಹೊಸದಲ್ಲ. ಚಹಾ ಮಾಡಿಕೊಂಡು ಕಿಟಕಿಯಲ್ಲಿ ನಿಲ್ಲುತ್ತೇವೆ. ಅವತ್ತೂ ಎರಡು ಕಪ್ ಚಹಾ ಹಿಡಿದು ಬಂದರೆ ಅತ್ಯಾ ಇಲ್ಲ, ಬಾಗಿಲು ತೆರೆದಿದೆ.

ಲಿಫ್ಟ್ ಬಂದ್ ಮಾಡಿದ್ದರು. ಮೆಟ್ಟಿಲು ಇಳಿದು ಓಡಿದೆ. ಮೊದಲ ಮಹಡಿಯ ತಿರುವಿನಲ್ಲಿ ವಾಚ್‌ಮನ್ ಸಾಕಿದ ಕಂದು ನಾಯಿ ಮೈ ಒದರುತ್ತ ನಿಂತಿತ್ತು. ದಿನವೂ ಅದನ್ನು ಗೇಟಿನ ಪಕ್ಕದ ಪೈಪಿಗೆ ಕಟ್ಟಿರುತ್ತಿದ್ದ. ನಾಯಿಯನ್ನು ದಾಟಿಕೊಂಡು ಕೆಳಗಿಳಿದೆ.

ಅತ್ಯಾ ಮೊಣಕಾಲು ಮೀರಿದ ನೀರಿನಲ್ಲಿ ಆ ಪೈಪಿನ ಹತ್ತಿರ ಬಗ್ಗಿದ್ದಳು. ಎರಡೂ ಕೈ ನೀರಿನೊಳಗಿದ್ದವು. ವಾಚ್‌ಮನ್ ಕಟ್ಟೆಯ ಮೇಲಿಂದ ಕೂಗುತ್ತಿದ್ದ, "ಆಜೀ, ಕುತ್ತಾ ಊಪರ್ ಹೈ! ಕಬ್ ಕಾ ಛೋಡ್ ದಿಯಾ!" ಅವಳಿಗೆ ಹಿಂದಿ ಬರುವುದಿಲ್ಲ.

"ಅತ್ಯಾ, ನಾಯಿ ಮ್ಯಾಲೆ ಐತಿ. ಅಂವಾ ಆಗಲೇ ಬಿಟ್ಟಾನ. ನಡಿ."

"ಗಂಟ ಸಿಗವಲ್ತವಾ," ಎಂದಳು ನನ್ನ ಕಡೆ ನೋಡದೆ. "ಗಟ್ಟಿ ಬಿಗದೇನಿ. ನಾನ ಬಿಗದೇನಿ."

ತೋಳು ಹಿಡಿದು ಎಳೆದೆ. ಕದಲಲಿಲ್ಲ. ಆ ವಯಸ್ಸಿಗೆ ಅಷ್ಟು ಬಲ ಎಲ್ಲಿಂದ ಬಂತೋ. ಕೊನೆಗೆ ನಾನೂ ಬಗ್ಗಿ ಆ ಕೊಳಕು ನೀರಿನಲ್ಲಿ ಕೈ ಇಳಿಸಿದೆ. ಪೈಪಿನಲ್ಲಿ ಹಗ್ಗವೇ ಇರಲಿಲ್ಲ. ಅವಳ ಬೆರಳುಗಳು ಸಿಕ್ಕವು, ತಣ್ಣಗಿದ್ದವು. ಅವುಗಳ ಜೊತೆಗೆ ನಾನೂ ಸ್ವಲ್ಪ ಹೊತ್ತು ತಡಕಾಡಿದೆ.

"ಬಿಚ್ಚಿತು ಅತ್ಯಾ," ಎಂದೆ.

ತಲೆಯೆತ್ತಿ ನೋಡಿದಳು. "ಎರಡೂ?"

"ಹೂಂ. ಎರಡೂ."

ಆಗ ಕೈ ಹೊರತೆಗೆದು ಸೆರಗಿಗೆ ಒರೆಸಿಕೊಂಡಳು. ಗೇಟಿನಾಚೆ ತುಂಬಿ ಹರಿಯುತ್ತಿದ್ದ ರಸ್ತೆಯನ್ನು ನೋಡುತ್ತ ನಿಂತಳು.

"ಎಮ್ಮಿ ಚಲೋ ಈಸ್ತಾವವಾ," ಎಂದಳು.