ಫ್ರೇಮಿನ ಹೊರಗೆ ನಾಲ್ಕು ಹೂವು

ಜುಲೈ ೧೪, ಭಾನುವಾರ. ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಬರೆಯಲು ಕೂತೆ.

ಈ ಊರಲ್ಲಿ ಹೊದಿಕೆಯನ್ನು ಮೊಳೆ ಹೊಡೆದು ಗೋಡೆಗೆ ತೂಗಿಹಾಕುತ್ತಾರೆ. ಬಂದ ಮೊದಲ ವಾರ ಒಂದು ಪ್ರದರ್ಶನದಲ್ಲಿ ಹಳೆಯ ಕೌದಿ ಗಾಜಿನ ಹಿಂದೆ ನೇತಾಡುತ್ತಿತ್ತು. ಪಾಪ, ಇದರ ಮನೆಯವರು ಯಾರೋ ಚಳಿಯಲ್ಲಿ ಮಲಗಿದ್ದಾರೆ ಅನ್ನಿಸಿತು. ನಮ್ಮ ಹಳಿಯಾಳದ ಕಡೆ ಕೌದಿಯ ಜಾಗ ಮಗುವಿನ ಮೈಮೇಲೆ.

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೋಣೆ ಹಿಡಿದು ಎರಡು ವರ್ಷವಾಯಿತು. ಕಲಾ ಕಾಲೇಜಿನಲ್ಲಿ ಮರದ ಅಚ್ಚು ಕೆತ್ತಿ ಚಿತ್ರ ಒತ್ತುವುದನ್ನು ಕಲಿಯುತ್ತಿದ್ದೇನೆ. ಊರಲ್ಲಿ ಸಿದ್ದಿ ಹುಡುಗಿಯನ್ನು ಯಾರೂ ತಿರುಗಿ ನೋಡುವುದಿಲ್ಲ. ಇಲ್ಲಿ ನನ್ನ ಗುಂಗುರು ಕೂದಲು ಕಂಡವರು ಯಾವ ದೇಶ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾರೆ. ನಮ್ಮ ಹಿರಿಯರು ಆಫ್ರಿಕಾದಿಂದ ಬಂದು ನೂರಾರು ವರ್ಷವಾಯಿತೆಂದು ಎಷ್ಟು ಜನರಿಗೆ ಹೇಳಲಿ? ಮೊದಲ ತಿಂಗಳು ಹಾಗೆ ಕೇಳಿದವರು ನಲವತ್ತೊಂದು ಜನ, ಕಳೆದ ತಿಂಗಳು ಆರು. ಇದನ್ನು ಗೆಲುವಿನ ಲೆಕ್ಕಕ್ಕೇ ಹಾಕಿಕೊಂಡಿದ್ದೇನೆ.

ಮನೆ ಓನರ್ ಶಾರದಮ್ಮ ಮೊದಲ ದಿನ ಹುಳಿಯ ಪಾತ್ರೆ ತೋರಿಸಿ, ಉಣ್ಣುತ್ತೀಯಾ ಎಂದು ಸನ್ನೆಯಲ್ಲೇ ಕೇಳಿದರು. ರುಚಿ ನೋಡಿ, ‘ಬೆಲ್ಲ ಹಾಕೀರೇನ್ರಿ ಇದಕ್ಕ?’ ಎಂದೆ. ಅವರು ಸೌಟು ಕೆಳಗಿಟ್ಟರು.

‘ಕನ್ನಡದೋಳಾ ನೀನು? ಮೊದ್ಲೇ ಹೇಳೋದಲ್ವಾ, ಆಗ್ಲಿಂದ ಮೂಕಿ ಥರ ಕೈ ಆಡಿಸ್ತಿದೀನಿ.’

ಹುಳಿಯ ಸಿಹಿ ಇನ್ನೂ ಒಗ್ಗಿಲ್ಲ. ಆದರೆ ಅಂದಿನಿಂದ ಅವರ ಹಳೇ ಸೀರೆಗಳೆಲ್ಲ ನನ್ನ ಪಾಲು.

ಲೈಬ್ರರಿಯ ಒಂದು ದಪ್ಪ ಪುಸ್ತಕದಲ್ಲಿ ಕಾಂಗೋದವರು ತಾಳೆಜಾತಿಯ ನಾರಿನಲ್ಲಿ ನೇಯುವ ಬಟ್ಟೆಗಳನ್ನು ಕಂಡೆ. ಗೆರೆಯೊಂದು ನೆಟ್ಟಗೆ ಹೋಗುತ್ತಾ ಇದ್ದಕ್ಕಿದ್ದಂತೆ ಮನಸ್ಸು ಬದಲಿಸಿ ಬೇರೆ ದಾರಿ ಹಿಡಿಯುತ್ತದೆ. ವಾರಗಟ್ಟಲೆ ಅವನ್ನು ನಕಲು ಮಾಡಿ, ಕೈಗೆ ಹತ್ತಿದ ಮೇಲೆ ನನ್ನವೇ ಗೆರೆಗಳನ್ನು ಮರದಲ್ಲಿ ಕೆತ್ತಿದೆ, ಸೀರೆಯ ತುಂಡುಗಳ ಮೇಲೆ ಒತ್ತಿದೆ. ತುಂಡುಗಳನ್ನು ಕೌದಿಯಾಗಿ ಜೋಡಿಸಿದ್ದು ಮಾತ್ರ ಊರಲ್ಲಿರುವ ನನ್ನ ಅಜ್ಜಿಯ ಕ್ರಮದಲ್ಲಿ. ಕಾಲೇಜಿನಲ್ಲಿ ಮೊದಲು ಪೂರ್ತಿ ಸ್ಕೆಚ್ಚು ಬರೆಯಬೇಕು. ಅಜ್ಜಿ ಸ್ಕೆಚ್ಚಿಲ್ಲದೆ ಅಂಚಿನಿಂದ ಹೊರಟು ಸುತ್ತುತ್ತಾ ನಡುವಿಗೆ ಬಂದು ನಿಲ್ಲುತ್ತಾಳೆ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ, ಹೊರಚಾಚುವಂತೆ ಹೊಲಿಯುತ್ತಾಳೆ. ಅದು ಫೂಲ, ಅಂದರೆ ಹೂವು. ಫೂಲ ಇಲ್ಲದ ಕೌದಿಯನ್ನು ನಮ್ಮಲ್ಲಿ ಬತ್ತಲೆ ಅನ್ನುತ್ತಾರೆ, ಯಾರಿಗೂ ಕೊಡುವುದಿಲ್ಲ.

ನನ್ನ ಕೌದಿ ಕಾಲೇಜಿನ ವಾರ್ಷಿಕ ಪ್ರದರ್ಶನಕ್ಕೆ ಆಯ್ಕೆಯಾಯಿತು. ನೋಡಲು ಅಜ್ಜಿಯೇ ಬಸ್ಸು ಹತ್ತಿ ಬರುತ್ತೇನೆಂದಳು. ಫ್ರೇಮ್ ಕಡ್ಡಾಯವಾದ್ದರಿಂದ ಕಾಟನ್‌ಪೇಟೆಯ ಮಂಜಣ್ಣನವರ ಅಂಗಡಿಗೆ ಕೊಟ್ಟು ಬಂದೆ. ಪ್ರದರ್ಶನಕ್ಕೆ ಎರಡು ದಿನ ಇರುವಾಗ ತರಲು ಹೋದರೆ ಒಂದು ಹೂವೂ ಕಾಣಲಿಲ್ಲ.

‘ಮೂಲೆಲಿ ಜೋತಾಡ್ತಿತ್ತಮ್ಮ, ಒಳಗೆ ಮಡಚಿ ಮೊಳೆ ಹೊಡ್ದಿದೀನಿ. ಈಗ ನೋಡು, ಎಷ್ಟು ನೀಟು.’

‘ಬತ್ತಲೆ ಆಯ್ತಣ್ಣ ಇದು.’

ಮಂಜಣ್ಣ ಅಂಗಡಿಯನ್ನೊಮ್ಮೆ ನೋಡಿ, ‘ಬಟ್ಟೆನೇ ಬತ್ತಲೆ ಅಂದ್ರೆ ನಾವೆಲ್ಲ ಎಲ್ ಹೋಗೋಣ’ ಎಂದರು.

ಫೋನಿನಲ್ಲಿ ನಮ್ಮ ಮೇಡಂ ಕೂಡ ಮೂಲೆ ಯಾರು ನೋಡುತ್ತಾರೆ ಎಂದರು; ಫ್ರೇಮ್ ಬೇಡವಾದರೆ ಗೋಡೆಯೂ ಇಲ್ಲ ಎಂದರು. ಇಡೀ ಸಭಾಂಗಣದಲ್ಲಿ ಮೂಲೆಯನ್ನೇ ಮೊದಲು ನೋಡುವವಳು ಒಬ್ಬಳಿದ್ದಾಳೆ, ಅವಳು ಆಗಲೇ ಟಿಕೆಟ್ ಮಾಡಿಸಿದ್ದಾಳೆ ಎಂದು ಅವರಿಗೆ ಹೇಗೆ ತಿಳಿಸಲಿ? ಪ್ರದರ್ಶನದಿಂದಲೇ ಹಿಂದಕ್ಕೆ ಪಡೆಯುವುದೆಂದು ನಿರ್ಧರಿಸಿ ಕೌದಿ ಬಿಚ್ಚಿಕೊಡಿ ಎಂದೆ. ಮಂಜಣ್ಣ ಡ್ರಿಲ್ ಕೈಗೆತ್ತಿಕೊಂಡು ಫ್ರೇಮಿನ ಹಿಂದಿನ ಪಟ್ಟಿಯ ಸ್ಕ್ರೂ ಬಿಚ್ಚತೊಡಗಿದರು. ಆ ಡ್ರಿಲ್ ನೋಡಿದ್ದೇ ನನಗೆ ದಾರಿ ಹೊಳೆಯಿತು. ಫ್ರೇಮಿನ ನಾಲ್ಕು ಮೂಲೆಗೂ ಸಣ್ಣ ತೂತು ಕೊರೆದುಕೊಡಿ, ಒಳಗಿನ ಹೂವನ್ನು ಬಿಡಿಸಿ ಮರಕ್ಕೇ ಹೊಲಿಯುತ್ತೇನೆ ಎಂದೆ.

‘ನನ್ ಪಾಲಿಶ್ ಮೇಲೆ ತೂತಾ?’ ಎಂದು ಗೊಣಗುತ್ತಲೇ ಕೊರೆದರು. ಅಲ್ಲೇ ಸ್ಟೂಲಿನ ಮೇಲೆ ಕೂತು ಹೊಲಿದೆ. ಎರಡು ಸೂಜಿ ಮುರಿದವು.

ಕಾಲೇಜಿಗೆ ತಂದಾಗ ಮೇಡಂ ನಾಲ್ಕು ಮೂಲೆಯನ್ನೂ ಮುಟ್ಟಿ ನೋಡಿದರು. ಆಮೇಲೆ ಒಳಗಿನ ಕೋಣೆಗೆಂದು ಬರೆದಿದ್ದ ಚೀಟಿ ಕಿತ್ತು, ಬಾಗಿಲ ಎದುರಿನ ಗೋಡೆಗೇ ಹಾಕಿಸಿದರು. ಕೆಳಗಿನ ಫಲಕದಲ್ಲಿ ‘ಆಫ್ರಿಕನ್ ಶೈಲಿ’ ಎಂದಿತ್ತು. ಅದನ್ನು ತೆಗೆಸಿ ಬರೆದೆ: ಹಳಿಯಾಳದ ಹೊಲಿಗೆ, ಚಾಮರಾಜಪೇಟೆಯ ಸೀರೆ, ಕಾಂಗೋದಿಂದ ಕಲಿತ ಗೆರೆ.

ಅಜ್ಜಿ ಬಂದಳು, ಮೂಲೆಗಳನ್ನು ಎಣಿಸಿದಳು. ‘ಕಟ್ಟಿಗಿಗೂ ಹೊಲದ್ಯಲ್ಲ ನೀ’ ಎಂದು ಜೋರಾಗಿ ನಕ್ಕಳು. ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆತಂದಿದ್ದ ಶಾರದಮ್ಮ, ಇದು ನನ್ನ ಮದುವೆ ಸೀರೆ, ಅದು ನನ್ನ ನಾದಿನಿಯದು ಎಂದು ಗೈಡ್ ಆಗಿಬಿಟ್ಟರು. ಇಷ್ಟು ಸಂತೋಷ ಈ ಊರಲ್ಲಿ ನನಗೆ ಹಿಂದೆಂದೂ ಆಗಿರಲಿಲ್ಲ.

ಈಗ ಊರಿಗೆ ಹೋದರೆ ನನ್ನನ್ನು ಬೆಂಗಳೂರಿನವಳು ಅನ್ನುತ್ತಾರೆ. ಚಾಮರಾಜಪೇಟೆಗೆ ನಾನು ಹಳಿಯಾಳದವಳು, ಮೆಜೆಸ್ಟಿಕ್ ದಾಟುವಾಗ ಇನ್ನೂ ಆಫ್ರಿಕಾದವಳು. ಮೂರಕ್ಕೂ ಹೂಂ ಅನ್ನಬಲ್ಲೆ, ಆದರೆ ಮೂರನೆಯದನ್ನು ಕಣ್ಣಾರೆ ಕಂಡಿಲ್ಲ. ಫೂಲ ಎಲ್ಲಿಂದ ಬಂತೆಂದು ಕೇಳಿದರೆ ಅಜ್ಜಿ, ‘ನಮ್ಮವ್ವ ಹಾಕತಿದ್ಲು’ ಎನ್ನುತ್ತಾಳೆ, ಅದರಾಚೆ ಅವಳಿಗೂ ಗೊತ್ತಿಲ್ಲ. ಆಫ್ರಿಕಾದ ಯಾವುದಾದರೂ ಊರಿನಲ್ಲಿ ಹೊದಿಕೆಯ ಮೂಲೆಗೆ ಹೀಗೆ ಹೂವು ಹೊಲಿಯುವುದನ್ನು ಓದುಗರಲ್ಲಿ ಯಾರಾದರೂ ಕಂಡಿದ್ದರೆ, ಕೇಳಿದ್ದರೆ, ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಅಲ್ಲಿ ಅದನ್ನು ಏನೆಂದು ಕರೆಯುತ್ತಾರೆ ಎಂಬುದನ್ನೂ ತಿಳಿಸಿ. ಅಜ್ಜಿಗೆ ಹೇಳಬೇಕು.