ಮಧ್ಯಾಹ್ನಕ್ಕೆ ಮಾಯವಾಗುತ್ತಿದ್ದ ನೋವು

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಮುಂಜಾನೆ ಬಚ್ಚಲಮನೆಯ ನಲ್ಲಿ ತಿರುಗಿಸಲು ನನ್ನಿಂದ ಆಗಲಿಲ್ಲ. ಬೆರಳುಗಳು ಮಡಚುತ್ತಿರಲಿಲ್ಲ. ಮೊಣಕಾಲುಗಳೂ ಅಷ್ಟೇ, ಗಂಜಿ ಹಾಕಿ ಒಣಗಿಸಿದ ಬಟ್ಟೆಯ ಹಾಗೆ ಬಿರುಸಾಗಿದ್ದವು. ಗೋಡೆ ಹಿಡಿದು ಹೊರಗೆ ಬಂದು ಅವ್ವನಿಗೆ ಹೇಳಿದೆ. "ಕೈ ಮಡಚಿ ಮಲಗಿರ್ತಿ, ಜೋಮು ಹಿಡದೈತಿ" ಎಂದು ಬಿಸಿನೀರು ಕೊಟ್ಟಳು.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಸಡಿಲವಾಯಿತು. ಸಂಜೆ ಖೋಖೋ ಆಡಿದೆ.

ಆ ಸಂಜೆ ಆಡಬಾರದಿತ್ತೇನೋ. ಮುಂಜಾನೆ ಹಾಸಿಗೆಯಿಂದ ಏಳಲಾಗದ ಹುಡುಗಿ ಸಂಜೆ ಮೈದಾನದಲ್ಲಿ ಓಡುವುದನ್ನು ಕಂಡವರು ಅವಳ ನೋವನ್ನು ಹೇಗೆ ನಂಬುತ್ತಾರೆ? ಅದರಲ್ಲೂ ನನ್ನ ಅಪ್ಪ. ಅವನು ಕುಷ್ಟಗಿಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ನನಗೆ ಖೋಖೋ ಕಲಿಸಿದವನೇ ಅವನು. ನನ್ನ ಓಟದ ಬಗ್ಗೆ ಕಂಡಕಂಡವರ ಮುಂದೆ ಹೇಳಿಕೊಳ್ಳುತ್ತಿದ್ದ. ನೋವು ಮತ್ತೆ ಮತ್ತೆ ಬಂದಾಗ ಅವನಿಗೆ ತಿಳಿದಿದ್ದ ಮದ್ದು ಒಂದೇ. "ಲಗೂ ಎದ್ದು ಗ್ರೌಂಡಿಗೆ ನಡಿ. ಮೈ ಬಿಸಿ ಆತಂದ್ರ ಎಲ್ಲಾ ಹೋಗ್ತೈತಿ."

ಊರಿನ ಡಾಕ್ಟರ ಹತ್ತಿರವೂ ಕರೆದೊಯ್ದ. ಅವರು ಅಪ್ಪನನ್ನು ಕೇಳಿದರು, "ಏನಾಗೈತ್ರಿ ಮಾಸ್ತರ?"

"ಏನಿಲ್ರಿ ಸರ್. ಸಾಲಿ ಟೈಮಿಗೆ ಕರೆಕ್ಟ್ ಕಾಲು ನೋಯ್ತಾವು. ಸಂಜಿಮುಂದ ಆರಾಮ ಇರ್ತಾಳ."

ಇಬ್ಬರೂ ನಕ್ಕರು. ಬೆಳೆಯುವ ಮಕ್ಕಳಿಗೆ ಇದೆಲ್ಲ ಇರುವುದೇ ಎಂದು ಡಾಕ್ಟರು ಮಾತ್ರೆ ಬರೆದರು. ನಾನೂ ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮುಂದಿನ ಪೇಶಂಟ್ ಒಳಗೆ ಬಂದಿದ್ದರು.

ಅಪ್ಪ ಹೇಳಿದಂತೆ ಓಡಿದೆ. ಒಂದು ದಿನ ಎಡಗಾಲು ಊರಲಾಗದೆ ಮೈದಾನದ ನಡುವೆ ಕುಸಿದೆ. ಟೀಮಿನ ಹುಡುಗಿಯರೆಲ್ಲ ನೋಡುತ್ತಿದ್ದರು. ಅಪ್ಪ ಬಂದು ನಿಂತ.

"ನಾಟಕ ಸಾಕು. ಏಳು."

ಅಂದಿನಿಂದ ನಾನು ಹೇಳುವುದನ್ನು ಬಿಟ್ಟೆ.

ಎಲ್ಲರಿಗಿಂತ ಮೊದಲು ಎಚ್ಚರವಾಗಿ, ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡು, ಬೆರಳು ಒಂದೊಂದಾಗಿ ಸಡಿಲವಾಗುವವರೆಗೆ ಮಲಗಿರುತ್ತಿದ್ದೆ. ಕಕ್ಕಸಿನಲ್ಲಿ ಕೂತರೆ ಏಳಲು ಗೋಡೆಗೆ ತಲೆ ಆನಿಸಬೇಕಿತ್ತು. ಆಟ ಬಿಟ್ಟೆ. ಎಸೆಸೆಲ್ಸಿ ಓದಿಗಾಗಿ ಬಿಟ್ಟಳು ಎಂದು ಮನೆಯವರು ತಿಳಿದರು. ಅಪ್ಪ ನನ್ನೊಡನೆ ಮಾತು ಕಡಿಮೆ ಮಾಡಿದ. ಕೆಲವು ದಿನ ನನಗೇ ಅನುಮಾನ ಬರುತ್ತಿತ್ತು. ನಿಜವಾಗಿಯೂ ನೋವಿದೆಯೋ, ನಾನೇ ಸೋಮಾರಿಯೋ ಎಂದು. ಈಗ ಹಿಂತಿರುಗಿ ನೋಡಿದರೆ ನೋವಿಗಿಂತ ಆ ಅನುಮಾನವೇ ನನ್ನನ್ನು ಹೆಚ್ಚು ಸವೆಸಿತು ಅನ್ನಿಸುತ್ತದೆ.

ಪರೀಕ್ಷೆ ಮುಗಿದ ಮೇಲೆ ಕೊಪ್ಪಳದ ಪಕ್ಕದ ಭಾಗ್ಯನಗರದ ಚಿಗವ್ವನ ಮನೆಗೆ ಹೋದೆ. ಅವಳು ಅವ್ವನ ತಂಗಿ. ಊಟಕ್ಕೆ ಎಲ್ಲರೂ ನೆಲದ ಮೇಲೆ ಕೂತಾಗ ನಾನು ತಾಟು ಹಿಡಿದು ಮಂಚದ ಕಡೆ ನಡೆದೆ.

"ಯಾಕವಾ, ನೆಲಕ್ಕ ಕೂಡವಲ್ಲಿ?"

"ಹಂಗs ಚಿಗವ್ವ."

ಊಟವಾದ ಮೇಲೆ ನನ್ನ ಹಿಂದೆಯೇ ಕೋಣೆಗೆ ಬಂದು ಬಾಗಿಲು ಹಾಕಿದಳು. "ಪೈಜಾಮಾ ಮ್ಯಾಲ ಮಾಡು, ನೋಡೂಣು." ಎಡ ಮೊಣಕಾಲು ಊದಿಕೊಂಡು ಗುಂಡಗಾಗಿತ್ತು. ಚಿಗವ್ವ ಮುಟ್ಟಿ ನೋಡಿದಳು. ಬಿಸಿಯಾಗಿತ್ತು. "ಯಾವಾಗಿಂದ ಐತಿ ಇದು?"

ನನಗೆ ಅಳು ತಡೆಯಲಾಗಲಿಲ್ಲ. ಹಾಗೆ ಮೊದಲು ಕೇಳಿದವಳು ಅವಳೇ.

ಮರುದಿನ ಅಪ್ಪ, ಅವ್ವ ಇಬ್ಬರನ್ನೂ ಕೊಪ್ಪಳದ ಆಸ್ಪತ್ರೆಗೆ ಕರೆಸಿಕೊಂಡಳು. ಮಕ್ಕಳ ಡಾಕ್ಟರ್ ಮೇಡಂ ನನ್ನ ಕಾಲು ನೋಡುತ್ತಿದ್ದಂತೆ ಅಪ್ಪ ಹೇಳಲು ಶುರುಮಾಡಿದ. ಅವರು ಕೈ ಎತ್ತಿ ತಡೆದರು. "ಸರ್, ಸ್ವಲ್ಪ ತಡೀರಿ. ಆಕಿನ್ನ ಕೇಳಾಕತ್ತೀನಿ." ಆಮೇಲೆ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು. "ಹೇಳವಾ, ಮುಂಜಾನೆ ಎದ್ದ ಕೂಡ್ಲೆ ಹೆಂಗ ಆಗ್ತೈತಿ?"

ಅಭ್ಯಾಸದಿಂದ ಅಪ್ಪನ ಮುಖ ನೋಡಿದೆ.

"ಅವರನ್ನ ನೋಡಬ್ಯಾಡ. ನನ್ನ ನೋಡಿ ಹೇಳು."

ಎಲ್ಲ ಹೇಳಿದೆ. ಅವರು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ತಪ್ಪೊಪ್ಪಿಕೊಳ್ಳುವವಳ ಹಾಗೆ, "ಆದ್ರ ಮಧ್ಯಾಹ್ನ ಕಮ್ಮಿ ಆಗ್ತೈತ್ರಿ ಮೇಡಂ" ಎಂದೆ.

"ಅದs ಈ ರೋಗದ ಗುರುತು, ತಂಗಿ" ಎಂದರು.

ಬ್ಲಡ್ ಟೆಸ್ಟ್, ಎಕ್ಸ್‌ರೇ, ಸ್ಕ್ಯಾನಿಂಗ್. ಅಲ್ಲಿಂದ ಹುಬ್ಬಳ್ಳಿಯಲ್ಲಿ ಕೀಲುರೋಗ ನೋಡುವ ರುಮಟಾಲಜಿ ಡಾಕ್ಟರ ಬಳಿಗೆ. ಜುವೆನೈಲ್ ಆರ್ಥ್ರೈಟಿಸ್ ಎಂದರು. ರೋಗಗಳಿಂದ ನಮ್ಮನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಕೀಲುಗಳ ಮೇಲೆ ಬೀಳುವ ಕಾಯಿಲೆಯಂತೆ. ಮಕ್ಕಳಿಗೂ ಬರುತ್ತದಂತೆ. ಔಷಧಿಯಿಂದ ಹತೋಟಿಗೆ ಬರುತ್ತದೆ, ಆದರೆ ಎಡ ಮೊಣಕಾಲು ಇನ್ನು ಪೂರ್ತಿ ನೆಟ್ಟಗಾಗುವುದು ಕಷ್ಟ ಎಂದರು.

"ಮೊದಲs ಬಂದಿದ್ರ?" ಅಪ್ಪ ಕೇಳಿದ.

ಡಾಕ್ಟರು ಹೇಳಿದರು. "ಇಷ್ಟ ಆಗ್ತಿರಲಿಲ್ರಿ."

ಊರಿಗೆ ಮರಳುವ ಬಸ್ಸಿನಲ್ಲಿ ಅಪ್ಪ, "ನಾನs ಓಡಿಸಿದೆ" ಅಂದ. ಅಷ್ಟೇ. ಅವನ ಕೈ ಹಿಡಿಯಬೇಕು ಅನ್ನಿಸಿತು. ಇನ್ನೂ ಸ್ವಲ್ಪ ನೋಯಲಿ ಎಂದೂ ಅನ್ನಿಸಿತು. ನಾನು ಕೈ ಹಿಡಿಯಲಿಲ್ಲ. ಆ ದಿನ ಹಿಡಿಯಬಹುದಿತ್ತು ಎಂದು ಈಗ ಅನ್ನಿಸುತ್ತದೆ.

ಈಗ ಪಿಯುಸಿ ಎರಡನೇ ವರ್ಷ. ವಾರಕ್ಕೊಮ್ಮೆ ತೆಗೆದುಕೊಳ್ಳುವ ಮಾತ್ರೆಯಿಂದ ಮರುದಿನ ಹೊಟ್ಟೆ ತೊಳಸುತ್ತದೆ. ಫಿಸಿಯೊಥೆರಪಿ ತಪ್ಪಿಸುವಂತಿಲ್ಲ. ಊತ ಇಳಿದಿದೆ. ಎಡಗಾಲು ಸ್ವಲ್ಪ ಕುಂಟುತ್ತದೆ. ಖೋಖೋ ಮುಗಿಯಿತು. ಆದರೂ ರೋಗ ಮುಂದೆ ಹೋಗದಂತೆ ಹಿಡಿದು ನಿಲ್ಲಿಸಿದ ಡಾಕ್ಟರುಗಳಿಗೆ, ಅಂದು ಕೋಣೆಯ ಬಾಗಿಲು ಹಾಕಿದ ಚಿಗವ್ವನಿಗೆ ನಾನು ಋಣಿ.

ಅಪ್ಪ ಈಗ ದಿನಾ ಮುಂಜಾನೆ ಕೇಳುತ್ತಾನೆ. "ಹೆಂಗೈತಿ ಇವತ್ತ?" ಎಷ್ಟೋ ದಿನ "ಛಲೋ ಐತಿ" ಎಂದಿದ್ದೇನೆ. ಇಲ್ಲದಿದ್ದಾಗಲೂ. ನಿಜ ಹೇಳಿದರೆ ಅವನ ಮುಖ ಬಾಡುವುದನ್ನು ನೋಡಲಾಗುವುದಿಲ್ಲ. ಮೊದಲು ನಂಬುವುದಿಲ್ಲವೆಂದು ಮುಚ್ಚಿಟ್ಟೆ, ಈಗ ನಂಬುತ್ತಾನೆಂದು ಮುಚ್ಚಿಡುತ್ತಿದ್ದೇನೆ.

ಹೋದ ವಾರ ಅದು ಸಾಕೆನ್ನಿಸಿತು.

"ಭಾಳ ನೋವೈತಿ ಅಪ್ಪಾ" ಎಂದೆ.

ಅಪ್ಪ ಮುಲಾಮು ತರಲು ಎದ್ದು ಹೋಗಲಿಲ್ಲ, ಡಾಕ್ಟರಿಗೆ ಫೋನ್ ಮಾಡುತ್ತೇನೆ ಎನ್ನಲೂ ಇಲ್ಲ. ಮಂಚದ ಅಂಚಿಗೆ ಕೂತು, "ಎಲ್ಲೆಲ್ಲಿ? ಹೇಳು" ಅಂದ.

ನಾನು ಹೇಳತೊಡಗಿದೆ.