ಹನ್ನೆರಡು ಮನೆಯ ಹಟ್ಟಿ

ಎಪ್ಪತ್ತರ ದಶಕದಲ್ಲಿ ನಾನು ಹಿರಿಯೂರಿನ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದೆ. ಕುರಿ ಕಾಯುವ ನಮ್ಮ ಮನೆತನದಲ್ಲಿ ಸರ್ಕಾರಿ ಕೆಲಸ ಹಿಡಿದವರಲ್ಲಿ ನಾನೇ ಮೊದಲಿಗ. ಒಂದು ಬೇಸಿಗೆಯಲ್ಲಿ ಧರ್ಮಪುರದ ಕಡೆ ಕುರಿಗಳಿಗೆ ಸಿಡುಬು ಹತ್ತಿತು. ಚಿತ್ರದುರ್ಗದಿಂದ ಬಂದ ಲಸಿಕೆ ಎಲ್ಲ ಹಳ್ಳಿಗಳಿಗೂ ಸಾಲುವಂತಿರಲಿಲ್ಲ. ಯಾವ ಊರಿಗೆ ಮೊದಲು ಹಾಕಬೇಕೆಂದು ಪಟ್ಟಿ ಮಾಡಲು ಡಾಕ್ಟರು ನನಗೆ ಹೇಳಿದರು.

ಹೆಚ್ಚು ಕುರಿ ಇರುವ ಊರುಗಳನ್ನೇ ಮೇಲೆ ಬರೆದೆ. ಮನೆಗೆ ಬಂದು ಅವ್ವನಿಗೆ ಓದಿ ಹೇಳಿದೆ. ಅವಳು ಮದುವೆಯಾದಾಗಿನಿಂದ ಮಂದೆಯ ಹಿಂದೆ ನಡೆದವಳು.

"ಕುರಿ ಎಷ್ಟವೆ ಅಂತ ನೋಡಿದ್ರೆ ಏನ್ ಬಂತಪ್ಪ? ಯಾರ ಕುರಿ ಯಾರ ಕುರಿ ಜತೆ ಎಲ್ಲಿ ಬೆರೀತವೆ, ಅದನ್ನ ನೋಡು" ಎಂದಳು.

ನೆಲದ ಮೇಲೆ ಸುಣ್ಣದಲ್ಲಿ ಊರಿಗೊಂದು ಸೊನ್ನೆ ಬರೆದೆ. ಈ ಊರಿಂದ ಆ ಊರಿಗೆ ಮಂದೆ ಹೊಡೆದುಕೊಂಡು ಹೋದರೆ ನಡುವೆ ಎಲ್ಲೆಲ್ಲಿ ನಿಲ್ಲುತ್ತೀರಿ ಎಂದು ಒಂದೊಂದೇ ಜೋಡಿ ಹಿಡಿದು ಕೇಳಿದೆ. ಅವಳು ಹೇಳಿದ ಕಡೆಯೆಲ್ಲ ಒಂದೊಂದು ಹುಣಸೆ ಬೀಜ ಇಟ್ಟೆ. ದೊಡ್ಡ ಊರುಗಳಲ್ಲಿ ನಾಲ್ಕೈದು ಬೀಜ ಬಿದ್ದರೆ, ಜವನಗೊಂಡನಹಳ್ಳಿಯ ದಾರಿಯಲ್ಲಿದ್ದ ಹನ್ನೆರಡು ಮನೆಯ ಹಟ್ಟಿಯೊಂದರಲ್ಲಿ ಗುಡ್ಡೆಯೇ ಆಯಿತು. ಬೇಸಿಗೆಯಲ್ಲೂ ನೀರು ಬತ್ತದ ಕಟ್ಟೆ ಆ ಕಡೆ ಅದೊಂದೇ. ನನ್ನ ಪಟ್ಟಿಯಲ್ಲಿ ಆ ಹಟ್ಟಿಯ ಹೆಸರೇ ಇರಲಿಲ್ಲ.

ಆ ಹಟ್ಟಿಯನ್ನೇ ಎಲ್ಲಕ್ಕಿಂತ ಮೇಲೆ ಬರೆದು ತೋರಿಸಿದರೆ ಡಾಕ್ಟರು ಒಪ್ಪಲಿಲ್ಲ. "ಹನ್ನೆರಡು ಮನೆಗೆ ಮೊದಲ ಲಸಿಕೇನಾ? ಮೇಲಿನವರು ಕೇಳಿದ್ರೆ ಏನಂತ ಹೇಳ್ಲಿ?"

ಮಾರನೇ ದಿನ ಅವ್ವನನ್ನೇ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಕುರ್ಚಿ ತೋರಿಸಿದರೂ ಅವಳು ಕೂರಲಿಲ್ಲ. "ಆ ಹಟ್ಟಿ ನೀರು ಕುಡಿಸ್ದೆ ಒಂದು ಮಂದೆ ದಾಟ್ಸಿ ತೋರ್ಸ್ರಿ ಸಾಮಿ. ನೀವು ಹೇಳಿದಂಗೆ ಕೇಳ್ತೀನಿ."

ಡಾಕ್ಟರು ಜೀಪಿಗೆ ಲಸಿಕೆಯ ಪೆಟ್ಟಿಗೆ ಇಡಲು ಹೇಳಿದರು.

ಎಂಟು ದಿನ ಕಟ್ಟೆಯ ಬಳಿಯೇ ಇದ್ದೆವು. ಅವ್ವನೂ ನಮ್ಮ ಮಂದೆ ಹೊಡೆದುಕೊಂಡು ಅಲ್ಲಿಗೆ ಬಂದಳು. ಹಟ್ಟಿಯ ಕುರಿಗಳಿಗೂ ನೀರಿಗೆ ಬಂದ ಮಂದೆಗಳಿಗೂ ಚುಚ್ಚಿದೆವು. "ಚೆನ್ನಾಗಿರೋ ಕುರಿಗೆ ಯಾಕ್ರಿ ಸೂಜಿ?" ಎಂದು ಒಬ್ಬ ಕುರಿಗಾಹಿ ರೇಗಿದಾಗ, ಅವ್ವ ನಮ್ಮ ಮನೆಯ ಟಗರನ್ನು ಹಿಡಿದು ತಂದು, "ಮೊದ್ಲು ಇದಕ್ಕೆ ಚುಚ್ಚಪ್ಪ, ನೋಡ್ಲಿ" ಎಂದಳು. ಆಮೇಲೆ ಯಾರೂ ತಕರಾರು ಮಾಡಲಿಲ್ಲ.

ಧರ್ಮಪುರದ ಕಡೆ ಮರಿಗಳು ಸತ್ತವು, ಅದು ಈಗಲೂ ನೋವೇ. ಆದರೆ ಸಿಡುಬು ಆ ಕಟ್ಟೆ ದಾಟಿ ಈಚೆ ಬರಲಿಲ್ಲ. ಜವನಗೊಂಡನಹಳ್ಳಿಯ ಕಡೆ ಒಂದು ಕುರಿಗೂ ತಗಲಲಿಲ್ಲ.

ಮಳೆಗಾಲಕ್ಕೆ ಮುಂಚೆ ಹೊಸದುರ್ಗದ ಡಾಕ್ಟರು ಮಾಡದಕೆರೆಯ ಕಡೆಗೂ ಅಂಥದೊಂದು ಪಟ್ಟಿ ಬೇಕೆಂದು ಹೇಳಿ ಕಳಿಸಿದರು. ಅವ್ವನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಅಲ್ಲಿಯ ಹಿರಿಯ ಕುರಿಗಾಹಿಗಳು ಸುತ್ತ ಕುಳಿತು ಅವಳ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದರು. ಒಬ್ಬರು ನನ್ನ ಕಡೆ ಬಗ್ಗಿ, "ಈ ಅಮ್ಮ ಯಾವ ಆಫೀಸಿನೋರು?" ಎಂದು ಕೇಳಿದರು.

"ನಮ್ಮವ್ವ ಕಣ್ರಿ" ಎಂದೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ.